ಹೂಂ ಅಂದ್ರೆ ಕೇಳಿಸ್ಕೊಂಡ ಹಾಗಲ್ಲ

ಆಫೀಸಲ್ಲಿ ಒಬ್ರ ಮಾತು ಇನ್ನೊಬ್ರು ಕೇಳಿಸ್ಕೊಳ್ಳೋದ್ರ ಬಗ್ಗೆ ಇತ್ತೀಚೆಗೆ ಒಂದು ಟಾಕ್ ಕೊಟ್ಟಿದ್ದೆ, ಬಂದಿದ್ದೋರಲ್ಲಿ ಕೆಲವರು ಇದನ್ನ ಬರೆದು ಹಾಕಿ ಅಂದ್ರು. ಹೆಚ್ಚು ತಿದ್ದೋಕೆ ಹೋಗಿಲ್ಲ, ಮಾತಾಡಿದ ಹಾಗೇ ಇದೆ, ಮಧ್ಯೆ ಮೈಕ್ ಕೈ ಕೊಟ್ಟಿದ್ದನ್ನ ಮಾತ್ರ ಬಿಟ್ಟಿದೀನಿ.

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಹೂಂ ಅಂತಿದೀರ, ಸಂತೋಷ. ಈಗ ನನ್ನನ್ನ ಪರಿಚಯ ಮಾಡ್ಕೊಟ್ರಲ್ಲ, ಅವ್ರು ಕೊನೇಲಿ ಒಂದು ಮಾತು ಹೇಳಿದ್ರು, ಎಲ್ಲ ಮುಗಿದ್ಮೇಲೆ ಯಾವ ಬಾಗಿಲಿಂದ ಆಚೆ ಹೋಗ್ಬೇಕು ಅಂತ. ಯಾವ ಬಾಗಿಲು? ಇಬ್ರು ಎಡಗಡೆ ಅಂತಿದೀರ, ಒಬ್ರು ಬಲಗಡೆ ಅಂತಿದೀರ, ಉಳಿದೋರು ನನ್ನ ಮುಖ ನೋಡ್ತಿದೀರ. ನನ್ನ ನೋಡ್ಬೇಡಿ, ನಂಗೂ ಗೊತ್ತಿಲ್ಲ. ಅವ್ರು ಅದನ್ನ ಹೇಳ್ತಿದ್ದಾಗ ನಾನು ನನ್ನ ಮೊದಲನೇ ವಾಕ್ಯ ಏನು ಅಂತ ಮನಸ್ಸಲ್ಲೇ ಉರು ಹೊಡೀತಿದ್ದೆ. ಕೇಳೋದರ ಬಗ್ಗೆ ಭಾಷಣ ಮಾಡೋಕೆ ಬಂದೋಳ ಕಥೆ ಇದು.

ನಮ್ಮ ಕನ್ನಡದಲ್ಲಿ ಒಂದು ಮಜಾ ಇದೆ. ಕೇಳಿಸೋದು ಬೇರೆ, ಕೇಳಿಸ್ಕೊಳ್ಳೋದು ಬೇರೆ. ಫ್ಯಾನ್ ಸದ್ದು ಕೇಳಿಸುತ್ತೆ, ಅದಕ್ಕೆ ನಾವೇನೂ ಮಾಡ್ಬೇಕಿಲ್ಲ. ಕೇಳಿಸ್ಕೊಳ್ಳೋದ್ರಲ್ಲಿ ಆ 'ಕೊಳ್ಳು' ಇದ್ಯಲ್ಲ, ಅದು ನಾವಾಗೇ ಕೈ ಚಾಚಿ ತಗೊಳ್ಳೋ ಕೆಲಸ. ಇನ್ನು ಬರೀ 'ಕೇಳು' ಅನ್ನೋದನ್ನ ನೋಡಿ, ಹಾಡು ಕೇಳ್ತೀವಿ, ಪ್ರಶ್ನೇನೂ ಕೇಳ್ತೀವಿ, ಎರಡಕ್ಕೂ ಒಂದೇ ಪದ. ಈ ಪದ ಮಾಡಿದೋರು ಯಾರೋ ಏನೋ, ಇವತ್ತು ನಾನು ಹೇಳ್ಬೇಕು ಅಂತಿರೋದನ್ನ ಆಗ್ಲೇ ಹೇಳಿಟ್ಟಿದಾರೆ. ಆಫೀಸಲ್ಲಿ, ಫ್ಯಾಕ್ಟರೀಲಿ, ಆಸ್ಪತ್ರೇಲಿ, ಎಲ್ಲೇ ಆಗ್ಲಿ, ತಿರುಗಿಸಿ ಒಂದು ಮಾತು ಕೇಳ್ದೆ ಇರೋರು ಹೇಳಿದ್ದನ್ನೂ ಕೇಳಿರಲ್ಲ.

ನಂಗೆ ಇದು ಗೊತ್ತಾಗಿದ್ದು ಅವಮಾನ ಆದ್ಮೇಲೆ. ಕೆಲವು ವರ್ಷದ ಹಿಂದೆ ನಾನೊಂದು ಟೀಮ್ ನೋಡ್ಕೊಳ್ತಿದ್ದೆ, ತಿಂಗಳಿಗೊಂದ್ಸಲ ಕ್ಲೈಂಟ್‌ಗೆ ಒಂದು ರಿಪೋರ್ಟ್ ಕಳಿಸ್ಬೇಕಿತ್ತು. ಅವತ್ತು ಸಂಜೆ ನಾನೊಂದು ಮೇಲ್ ಟೈಪ್ ಮಾಡ್ತಿದ್ದೆ, ಸಿಟ್ಟಲ್ಲಿ ಬರೀತಿದ್ದ ಮೇಲ್, ಅಂಥದ್ದು ಬರೀವಾಗ ಬೆರಳು ತಾನಾಗೇ ಓಡುತ್ತೆ ಗೊತ್ತಲ್ಲ. ಟೀಮ್‌ಗೆ ಹೊಸದಾಗಿ ಸೇರಿದ್ದ ಹುಡುಗ ಬಂದು ಟೇಬಲ್ ಪಕ್ಕ ನಿಂತ.

"ಮೇಡಂ, ಒಂದ್ನಿಮಿಷ."

"ಹೇಳಪ್ಪ, ಕೇಳ್ತಾ ಇದೀನಿ." ಕಣ್ಣು ಸ್ಕ್ರೀನ್ ಮೇಲೇನೇ ಇದೆ.

"ಆ ಶೀಟಲ್ಲಿರೋ ನಂಬರ್ ಹೋದ ತಿಂಗಳದ್ದು ಅನ್ಸುತ್ತೆ ಮೇಡಂ, ಒಂದ್ಸಲ ನೋಡ್ಬೇಕಿತ್ತೇನೋ..."

"ಹೂಂ ಹೂಂ, ಸರಿ, ಕಳ್ಸ್ಬಿಡು."

ಅವನು ಒಂದೆರಡು ಸೆಕೆಂಡ್ ಹಾಗೇ ನಿಂತಿದ್ದ, ನಂಗದು ಕಣ್ಣಂಚಲ್ಲಿ ಕಾಣ್ತಿತ್ತು, ಆಮೇಲೆ ಹೋದ. ಹೋಗಿ ಕಳ್ಸ್ದ. ಮೂರು ದಿನ ಆದ್ಮೇಲೆ ಕ್ಲೈಂಟ್ ಫೋನು, ಇದೇನ್ರಿ ಹಳೇ ಲೆಕ್ಕ ಕಳ್ಸಿದೀರ ಅಂತ. ನಾನು ಮೀಟಿಂಗ್ ಕರೆದು ಎಲ್ರ ಮುಂದೆ ಅವನನ್ನ "ಯಾಕೆ ಮೊದ್ಲೇ ಹೇಳ್ಲಿಲ್ಲ?" ಅಂತ ಜೋರಾಗೇ ಕೇಳ್ದೆ. ಅವನು ಮೆಲ್ಲಗೆ ಅಂದ, "ಹೇಳಿದ್ನಲ್ಲ ಮೇಡಂ, ನೀವು ಹೂಂ ಅಂದ್ರಿ." ಆ ರೂಮಲ್ಲಿ ಆಮೇಲೆ ಬಂದ ಮೌನ ಇದ್ಯಲ್ಲ, ಅದನ್ನ ನಾನು ಚೆನ್ನಾಗಿ ಕೇಳಿಸ್ಕೊಂಡೆ.

ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ. ಗಾದೆ ಕೇಳಿ ನಾವು ನಗ್ತೀವಿ, ಎಂಥ ಪೆದ್ದ ಇವ್ನು ಅಂತ. ಆದ್ರೆ ಅವನು ಪೆದ್ದ ಅಲ್ಲ ಅಂತ ನಂಗೀಗ ಅನ್ಸುತ್ತೆ, ಅವನು ಬಿಜಿ ಇದ್ದ. 'ಎತ್ತು' ಅನ್ನೋ ಒಂದು ಪದ ಕಿವಿಗೆ ಬಿತ್ತು, 'ಕಟ್ಟು' ಅನ್ನೋ ಉತ್ತರ ಬಾಯಲ್ಲಿ ರೆಡಿ ಇತ್ತು, ಮಧ್ಯದಲ್ಲಿ ಏನಾಯ್ತು ಅನ್ನೋದು ಬೇಕೇ ಆಗ್ಲಿಲ್ಲ. ನಾವು ದಿನಾ ಮಾಡೋದು ಇದನ್ನೇ.

ಯಾಕೆ ಹೀಗೆ ಅಂತ ನೋಡಿದೋರಿದಾರೆ. ಅಮೆರಿಕದ ಮಿನ್ನೆಸೋಟ ಯೂನಿವರ್ಸಿಟಿಯ ರಾಲ್ಫ್ ನಿಕೋಲ್ಸ್ ಅಂತ ಒಬ್ರು, 1950ರ ದಶಕದಲ್ಲೇ ಕೇಳೋದನ್ನ ಒಂದು ವಿಷಯ ಅಂತ ತಗೊಂಡು ಕೂತಿದ್ರು. ಅವ್ರ ಲೆಕ್ಕ ಏನಂದ್ರೆ ಇಂಗ್ಲಿಷಲ್ಲಿ ಜನ ನಿಮಿಷಕ್ಕೆ ಸುಮಾರು 125 ಪದ ಮಾತಾಡ್ತಾರೆ, ಯೋಚನೆ ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಓಡುತ್ತೆ, ಹಾಗಾಗಿ ಎದುರಿನೋರು ಮಾತಾಡ್ತಿರೋವಾಗ ತಲೇಲಿ ಬೇಕಾದಷ್ಟು ಜಾಗ ಖಾಲಿ ಉಳಿಯುತ್ತೆ. ಆ ಖಾಲಿ ಜಾಗಕ್ಕೆ ಏನು ಬರುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಗಮನ ಕೊಟ್ಟು ಕೇಳ್ತಿದೀನಿ ಅಂದ್ಕೊಂಡೋರೂ ಮಾತು ಮುಗಿದ ತಕ್ಷಣ ಕೇಳಿದ್ರೆ ಅರ್ಧದಷ್ಟನ್ನೇ ಸರಿಯಾಗಿ ಹೇಳೋಕಾಗೋದು ಅಂತ ಅವ್ರು ಟೆಸ್ಟ್ ಮಾಡಿ ಬರೆದ್ರು.

ಇನ್ನೊಂದು ಇದಕ್ಕಿಂತ ಮಜಾ ಇರೋದು. 2009ರಲ್ಲಿ ಹತ್ತು ಬೇರೆ ಬೇರೆ ಭಾಷೆಯ ಮಾತುಕತೆ ಅಳೆದ ಒಂದು ಅಧ್ಯಯನ ಬಂತು, ಒಬ್ರು ನಿಲ್ಸಿ ಇನ್ನೊಬ್ರು ಶುರು ಮಾಡೋಕೆ ಮಧ್ಯೆ ಸರಾಸರಿ ಒಂದು ಸೆಕೆಂಡಿನ ಐದರಲ್ಲಿ ಒಂದು ಭಾಗದಷ್ಟು, ಅಂದ್ರೆ 200 ಮಿಲಿಸೆಕೆಂಡ್ ಆಸುಪಾಸು ಗ್ಯಾಪ್ ಇರುತ್ತೆ ಅಂತ. ಆದ್ರೆ ಒಂದೇ ಒಂದು ಪದ ಯೋಚಿಸಿ ಬಾಯಿಗೆ ತರೋಕೆ ಮೆದುಳಿಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಲೆಕ್ಕ ಹಾಕಿ. ಅಂದ್ರೆ ಎದುರಿನೋರ ಮಾತು ಮುಗಿಯೋ ಮುಂಚೇನೇ ನಾವು ಉತ್ತರ ಕಟ್ಟೋಕೆ ಶುರು ಮಾಡಿರ್ತೀವಿ. ಇದು ನಮ್ಮ ಅಹಂಕಾರ, ಕೊಬ್ಬು ಅಂತೆಲ್ಲ ಏನಲ್ಲ, ಯಂತ್ರ ಇರೋದೇ ಹಾಗೆ. ಅದಕ್ಕೇ "ಗಮನ ಕೊಟ್ಟು ಕೇಳಿ" ಅನ್ನೋ ಉಪದೇಶ ನಂಗೆ ಕೆಲಸಕ್ಕೆ ಬಾರದ್ದು ಅನ್ಸುತ್ತೆ. ಗಮನ ಜಾರೇ ಜಾರುತ್ತೆ, ಜಾರಿದ್ದನ್ನ ಹಿಡಿಯೋಕೆ ಒಂದು ವ್ಯವಸ್ಥೆ ಬೇಕು.

ಈ ವ್ಯವಸ್ಥೆ ಅನ್ನೋದನ್ನ ಬೇರೆಲ್ಲರಿಗಿಂತ ಗಟ್ಟಿಯಾಗಿ ಕಲ್ತೋರು ವಿಮಾನದೋರು, ಅವ್ರು ಅದಕ್ಕೆ ಕೊಟ್ಟ ಬೆಲೆ ತುಂಬ ದೊಡ್ಡದು, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ಅನ್ನೋ ದ್ವೀಪದ ಸಣ್ಣ ಏರ್‌ಪೋರ್ಟು. ಪಕ್ಕದ ದ್ವೀಪದ ಏರ್‌ಪೋರ್ಟಲ್ಲಿ ಬಾಂಬ್ ಸಿಡಿದಿತ್ತು ಅಂತ ದೊಡ್ಡ ದೊಡ್ಡ ವಿಮಾನಗಳನ್ನೆಲ್ಲ ಇಲ್ಲಿಗೆ ತಿರುಗಿಸಿದ್ರು, ಜಾಗ ಸಾಲ್ದೆ ಟ್ಯಾಕ್ಸಿವೇ, ಅಂದ್ರೆ ರನ್‌ವೇಗೆ ಹೋಗೋ ದಾರಿ, ತುಂಬ ವಿಮಾನ, ಮೇಲಿಂದ ಮಂಜು. ಕೆಎಲ್‌ಎಂ ಅನ್ನೋ ಡಚ್ ಕಂಪನಿಯ ಒಂದು ಜಂಬೋ ವಿಮಾನ ರನ್‌ವೇ ತುದೀಲಿ ಹೊರಡೋಕೆ ರೆಡಿ ನಿಂತಿದೆ, ಅದೇ ರನ್‌ವೇ ಮೇಲೆ ಪ್ಯಾನ್ ಆಮ್ ಅನ್ನೋ ಅಮೆರಿಕದ ಕಂಪನಿಯ ಇನ್ನೊಂದು ಜಂಬೋ ಇನ್ನೂ ನಿಧಾನಕ್ಕೆ ಬರ್ತಾ ಇದೆ. ವಿಮಾನಗಳಿಗೆ ರೇಡಿಯೋದಲ್ಲಿ ಸೂಚನೆ ಕೊಡೋ ಕಂಟ್ರೋಲ್ ಟವರ್‌ನೋರು ಕೆಎಲ್‌ಎಂಗೆ ಹಾರಿದ್ಮೇಲೆ ಯಾವ ದಾರಿ ಹಿಡೀಬೇಕು ಅನ್ನೋ ಕ್ಲಿಯರೆನ್ಸ್ ಕೊಟ್ರು, ಹೊರಡಿ ಅಂತ ಹೇಳ್ಲಿಲ್ಲ. ಕೋ-ಪೈಲಟ್ ಅದನ್ನ ತಿರುಗಿ ಹೇಳಿ ಕೊನೇಲಿ ನಾವೀಗ ಟೇಕಾಫ್‌ನಲ್ಲಿದೀವಿ ಅನ್ನೋ ಅರ್ಥದ ಒಂದು ಮಾತು ಸೇರ್ಸಿದ್ರು. ಅವ್ರು ಹೊರಟಾಗಿತ್ತು. ಟವರ್‌ನೋರಿಗೆ ಅದು ಹೊರಡೋಕೆ ರೆಡಿ ಇದೀವಿ ಅಂತ ಕೇಳಿಸ್ತು. ಅವ್ರು "ಓಕೆ" ಅಂದ್ರು, ಒಂಚೂರು ತಡೆದು, ಕಾಯಿರಿ, ನಾನು ಕರೀತೀನಿ ಅಂದ್ರು. ಅದೇ ಕ್ಷಣಕ್ಕೆ ಪ್ಯಾನ್ ಆಮ್‌ನೋರು ಗಾಬರಿಯಾಗಿ ನಾವಿನ್ನೂ ರನ್‌ವೇ ಮೇಲೇ ಇದೀವಿ ಅಂತ ರೇಡಿಯೋದಲ್ಲಿ ಕೂಗಿದ್ರು. ಎರಡು ಮಾತು ಒಟ್ಟಿಗೆ ಬಂದು ಡಿಕ್ಕಿ ಹೊಡೆದು ಕೀಂ ಅನ್ನೋ ಸದ್ದಾಯ್ತು. ಕೆಎಲ್‌ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ಬಿದ್ದಿದ್ದು ಆ "ಓಕೆ" ಒಂದೇ.

ನಮ್ಮ ಹೂಂ ಇದ್ದ ಹಾಗೆ ಆ ಓಕೆ. ಯಾವುದಕ್ಕೆ ಓಕೆ? ಗೊತ್ತಿಲ್ಲ.

ನಂಗೆ ಇದಕ್ಕಿಂತ ಹೆಚ್ಚು ಸಂಕಟ ಆಗೋದು ಆಮೇಲಿಂದು. ವಿಮಾನ ಓಡ್ತಾ ಇದೆ, ಟವರ್‌ನೋರು ಪ್ಯಾನ್ ಆಮ್‌ಗೆ ರನ್‌ವೇ ಬಿಟ್ಟಾಗ ಹೇಳಿ ಅಂದಿದ್ದು, ಅವ್ರು ಬಿಟ್ಮೇಲೆ ಹೇಳ್ತೀವಿ ಅಂದಿದ್ದು ಕೆಎಲ್‌ಎಂನ ಫ್ಲೈಟ್ ಇಂಜಿನಿಯರ್ ಕಿವಿಗೆ ಬಿತ್ತು. ಕಾಕ್‌ಪಿಟ್ ರೆಕಾರ್ಡಿಂಗಲ್ಲಿದೆ, ಅವ್ರು ಕೇಳಿದ್ರು, ಹಾಗಾದ್ರೆ ಆ ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ. ಕ್ಯಾಪ್ಟನ್, ಆ ಕಂಪನಿಯ ಹಿರಿಯ ಪೈಲಟ್‌ಗಳಲ್ಲಿ ಒಬ್ರು, ಬಿಟ್ಟಿದೆ ಅಂತ ಒತ್ತಿ ಹೇಳಿದ್ರು. ಇಂಜಿನಿಯರ್ ಸುಮ್ನಾದ್ರು. ಕೆಲವೇ ಸೆಕೆಂಡ್ ಆದ್ಮೇಲೆ ಎರಡೂ ಡಿಕ್ಕಿ. 583 ಜನ ಹೋದ್ರು.

ಒಂದು ವಿಷಯ ಗಮನಿಸಿ, ಆ ಇಂಜಿನಿಯರ್ "ನಿಲ್ಸಿ" ಅನ್ಲಿಲ್ಲ, ಪ್ರಶ್ನೆ ಕೇಳಿದ್ರು. ನಮ್ಮ ಹುಡುಗಾನೂ ಅಷ್ಟೇ, "ಇದು ತಪ್ಪು ಶೀಟು, ಕಳ್ಸಲ್ಲ" ಅನ್ಲಿಲ್ಲ, "ಅನ್ಸುತ್ತೆ" ಅಂದ, "ನೋಡ್ಬೇಕಿತ್ತೇನೋ" ಅಂದ. ಕೆಳಗಿನೋರು ಮೇಲಿನೋರಿಗೆ ಅಪಾಯದ ಸುದ್ದಿ ಹೇಳೋದು ಯಾವಾಗ್ಲೂ ಹೀಗೇನೇ, ಸಂಕೋಚದಲ್ಲಿ ಸುತ್ತಿ, ಪ್ರಶ್ನೆ ಮಾಡಿ, ಕೊನೇಲಿ ಒಂದು 'ಏನೋ' ಅಂಟಿಸಿ. ನೀವು ಮೇಲೆ ಕೂತಿದ್ರೆ ಕಲೀಬೇಕಾದ ಭಾಷೆ ಅದು. 'ಏನೋ' ಅಂತ ಕಿವಿಗೆ ಬಿದ್ದ ತಕ್ಷಣ ಕೈಯಲ್ಲಿರೋದನ್ನ ಕೆಳಗಿಡಿ. "ನೋಡ್ತೀನಿ ಸರ್" ಅಂದ್ರೆ ನೂರಕ್ಕೆ ತೊಂಬತ್ತು ಸಲ ಆಗಲ್ಲ ಅಂತ, ಇದಕ್ಕೆ ನನ್ನ ಹತ್ರ ಅಂಕಿಅಂಶ ಏನಿಲ್ಲ, ಅನುಭವ ಅಷ್ಟೇ. "ಸ್ವಲ್ಪ ಟೈಟ್ ಇದೆ" ಅಂದ್ರೆ ಆ ಡೇಟ್‌ಗೆ ಮುಗಿಯೋ ಚಾನ್ಸೇ ಇಲ್ಲ ಅಂತ. ಅಲ್ಲಿ ನೀವು "ಮಾಡ್ಬೋದು ಅಲ್ವಾ?" ಅಂತ ಕೇಳಿದ್ರೆ "ಮಾಡ್ಬೋದು" ಅಂತಾರೆ, ಯಾಕಂದ್ರೆ ನೀವು ಕೇಳಿದ್ದು ಪ್ರಶ್ನೆ ಅಲ್ಲ, ಉತ್ತರಾನ ಅವ್ರ ಬಾಯಲ್ಲಿಟ್ಟು ವಾಪಸ್ ಇಸ್ಕೊಂಡ್ರಿ. "ಯಾವುದು ಟೈಟ್ ಆಗ್ತಿದೆ?" ಅಂತ ಕೇಳಿ ನೋಡಿ, ಕಥೆನೇ ಬೇರೆ ಬರುತ್ತೆ.

ಟೆನೆರಿಫ್ ಆದ್ಮೇಲೆ ವಿಮಾನದೋರು ಏನು ಮಾಡಿದ್ರು? ಪೈಲಟ್‌ಗಳೇ ಗಮನ ಕೊಡಿ ಅಂತ ಬೋರ್ಡ್ ಹಾಕ್ಲಿಲ್ಲ. 'ಟೇಕಾಫ್' ಅನ್ನೋ ಪದಾನೇ ಬೀಗ ಹಾಕಿ ಇಟ್ರು, ನಿಜವಾಗಿ ಹೊರಡೋ ಅನುಮತಿ ಕೊಡೋವಾಗ, ಇಲ್ಲ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋವಾಗ ಮಾತ್ರ ಅದನ್ನ ಬಳಸೋದು, ಉಳಿದ ಟೈಮಲ್ಲಿ 'ಡಿಪಾರ್ಚರ್'. ಮುಖ್ಯವಾದ ಸೂಚನೆಗಳಿಗೆ ಬರೀ ಓಕೆ ಸಾಲಲ್ಲ, ಕೇಳಿದ್ದನ್ನ ಪೂರ್ತಿ ತಿರುಗಿ ಹೇಳ್ಬೇಕು, ರೀಡ್‌ಬ್ಯಾಕ್ ಅಂತಾರೆ, ಹೇಳಿದೋರು ಅದನ್ನ ಕೇಳಿ ತಪ್ಪಿದ್ರೆ ತಿದ್ದಬೇಕು. ಇದಕ್ಕೂ ಮುಂಚಿಂದಾನೇ ರೇಡಿಯೋದಲ್ಲಿ ಒಂಬತ್ತನ್ನ 'ನೈನರ್' ಅಂತಾರೆ, ಐದನ್ನ 'ಫೈಫ್' ಅಂತಾರೆ, ಗರಗರ ಸದ್ದಲ್ಲಿ ನೈನ್, ಫೈವ್ ಒಂದೇ ಥರ ಕೇಳಿಸ್ಬಾರದು ಅಂತ. ಕಿವಿ ಮೋಸ ಮಾಡುತ್ತೆ ಅಂತ ಮೊದ್ಲೇ ಒಪ್ಕೊಂಡು ಕಟ್ಟಿರೋ ಭಾಷೆ. ಎಷ್ಟೋ ಆಸ್ಪತ್ರೆಗಳಲ್ಲೂ ಡಾಕ್ಟರ್ ಫೋನಲ್ಲಿ ಔಷಧಿ ಹೇಳಿದ್ರೆ ನರ್ಸ್ ಬರ್ಕೊಂಡು ಓದಿ ಹೇಳಿ ಒಪ್ಪಿಗೆ ತಗೊಳ್ಳೋ ನಿಯಮ ಇದೆ.

ನಮ್ಮ ಆಫೀಸಿಗೂ ಇದನ್ನೇ ತರ್ಬೋದು, ದುಡ್ಡು ಖರ್ಚಿಲ್ಲ, ನಾಚಿಕೆ ಮಾತ್ರ ಬಿಡ್ಬೇಕು. ಮೀಟಿಂಗ್ ಮುಗಿಯೋವಾಗ "ಎಲ್ರಿಗೂ ಅರ್ಥ ಆಯ್ತಾ?" ಅಂತ ಕೇಳೋದು ಬಿಟ್ಬಿಡಿ, ಆ ಪ್ರಶ್ನೆಗೆ ಭೂಮಿ ಮೇಲೆ ಯಾರೂ ಇಲ್ಲ ಅಂದಿಲ್ಲ. ಅದರ ಬದ್ಲು ನೀವೇ ಶುರು ಮಾಡಿ, "ನಾನು ಅರ್ಥ ಮಾಡ್ಕೊಂಡಿದ್ದು ಹೇಳ್ತೀನಿ, ತಪ್ಪಿದ್ರೆ ತಿದ್ದಿ, ಬುಧವಾರದ ಒಳಗೆ ಡ್ರಾಫ್ಟ್ ನನ್ನಿಂದ, ಅದನ್ನ ಚೆಕ್ ಮಾಡೋದು ನಿಮ್ಮಿಂದ, ಕ್ಲೈಂಟ್‌ಗೆ ಹೋಗೋದು ಶುಕ್ರವಾರ." ಹತ್ತು ಸೆಕೆಂಡ್ ಸಾಕು. ಅಷ್ಟರಲ್ಲಿ ಯಾರೋ ಒಬ್ರು "ಇಲ್ಲ ಇಲ್ಲ, ಶುಕ್ರವಾರ ನಮ್ಮ ಇಂಟರ್ನಲ್ ರಿವ್ಯೂ, ಕ್ಲೈಂಟ್‌ಗೆ ಸೋಮವಾರ" ಅಂತಾರೆ. ಪ್ರತೀ ಸಲ ಹೀಗಾಗಲ್ಲ, ಆದ್ರೆ ಆಗೋ ಸಲ ಒಂದು ವಾರ ಉಳಿಯುತ್ತೆ.

ಜಗಳದಲ್ಲಿ ಇದು ಇನ್ನೂ ಕಷ್ಟ, ಇನ್ನೂ ಉಪಯೋಗ. ಕಾರ್ಲ್ ರೋಜರ್ಸ್ ಅಂತ ಮನಶ್ಶಾಸ್ತ್ರಜ್ಞರು 1952ರಲ್ಲೇ ಒಂದು ಆಟ ಹೇಳಿದ್ರು. ವಾದ ಬಿಸಿ ಏರಿದಾಗ ನಿಲ್ಸಿ ಒಂದು ರೂಲ್ ಹಾಕೋದು, ಎದುರಿನೋರು ಹೇಳಿದ್ದನ್ನ, ಅದರ ಹಿಂದಿನ ಭಾವನೇನೂ ಸೇರ್ಸಿ, ಅವ್ರು "ಹೌದು, ನಾನಂದಿದ್ದು ಇದನ್ನೇ" ಅಂತ ಒಪ್ಪೋ ಹಾಗೆ ಹೇಳಿದ್ಮೇಲೇನೇ ನಮ್ಮ ಮಾತು ಶುರು ಮಾಡೋದು. ಕೇಳೋಕೆ ಸುಲಭ ಅನ್ಸುತ್ತೆ, ಮಾಡಿ ನೋಡಿ. ನಾನು ಒಬ್ರ ಜೊತೆ ಮೊದಲ ಸಲ ಮಾಡ್ದಾಗ ಮೂರು ಸಲ ಫೇಲ್ ಆದೆ. "ಅಂದ್ರೆ ನಿಮಗೆ ಕೆಲಸ ಜಾಸ್ತಿ ಆಯ್ತು ಅಂತ." ಅಲ್ಲ ಅಂದ್ರು. "ಡೆಡ್‌ಲೈನ್ ಸರಿಯಿಲ್ಲ ಅಂತ." ಅಲ್ಲ. ಕೊನೆಗೆ ಅವ್ರೇ ಹೇಳಿದ್ರು, ಕೆಲಸ ಎಷ್ಟಾದ್ರೂ ಮಾಡ್ತೀನಿ, ಆದ್ರೆ ಡೇಟ್ ಬದಲಾಗಿದ್ದು ನಂಗೆ ಬೇರೆ ಟೀಮಿನೋರಿಂದ ಗೊತ್ತಾಗ್ಬೇಕಿತ್ತಾ ಅಂತ. ಅರ್ಧ ಗಂಟೆಯಿಂದ ನಾನು ಕೆಲಸದ ಲೆಕ್ಕ ಕೊಡ್ತಾ ಇದ್ದೆ, ಅವ್ರು ಮರ್ಯಾದೆ ಮಾತಾಡ್ತಾ ಇದ್ರು.

ಒಂದು ಎಚ್ಚರಿಕೆ, ಇದನ್ನ ಗಿಳಿ ಥರ ಮಾಡ್ಬೇಡಿ. ಟ್ರೈನಿಂಗ್ ಮುಗಿಸ್ಕೊಂಡು ಬಂದ ಕೆಲವರು ಪ್ರತಿ ಮಾತಿಗೂ "ಸೋ, ನೀವು ಹೇಳ್ತಿರೋದೇನಂದ್ರೆ" ಅಂತ ಶುರು ಮಾಡ್ತಾರೆ, ಎದುರಿನೋರಿಗೆ ಮೈ ಉರಿಯುತ್ತೆ. ಅದೇ ಟ್ರೈನಿಂಗ್‌ಗಳಲ್ಲಿ ಇನ್ನೊಂದು ಸ್ಲೈಡ್ ಇರುತ್ತೆ ನೋಡಿರ್ತೀರ, ಮಾತಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟು, ದನಿ 38, ಮುಖಭಾವ 55 ಅಂತ. ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋರ 1967ರ ಪ್ರಯೋಗಗಳಿಂದ ಬಂದಿದ್ದದು, ಅಲ್ಲಿ ನೋಡಿದ್ದು ಒಂದೊಂದೇ ಪದ, ಅದರ ದನಿ, ಮುಖದ ಫೋಟೋ ಒಂದಕ್ಕೊಂದು ತಾಳೆ ಆಗ್ದೆ ಇದ್ರೆ ಜನ ಇಷ್ಟ ಇದ್ಯೋ ಇಲ್ವೋ ಅನ್ನೋದನ್ನ ಯಾವುದರಿಂದ ಊಹಿಸ್ತಾರೆ ಅಂತ. ಅದನ್ನ ತಂದು ಎಲ್ಲ ಮಾತಿಗೂ ಅಂಟಿಸಿದ್ದು ನಮ್ಮೋರು. ಪದಕ್ಕೆ 7 ಪರ್ಸೆಂಟೇ ಆಗಿದ್ರೆ ನಾನಿಲ್ಲಿ ಕೈ ಆಡಿಸ್ಕೊಂಡು ಸುಮ್ನೆ ನಿಂತಿದ್ರೂ ನಿಮಗೆ ಹೆಚ್ಚು ಕಮ್ಮಿ ಎಲ್ಲ ಅರ್ಥ ಆಗ್ಬೇಕಿತ್ತು. ಕಣ್ಣಲ್ಲಿ ಕಣ್ಣಿಡಿ, ಮುಂದಕ್ಕೆ ಬಾಗಿ, ತಲೆ ಆಡ್ಸಿ ಅನ್ನೋದೂ ಇದೇ ಜಾತಿ. ಚೆನ್ನಾಗಿ ತಲೆ ಆಡಿಸ್ತಾ ಏನೂ ಕೇಳಿಸ್ಕೊಳ್ದೆ ಇರೋ ಜನ ನಂಗೆ ಹತ್ತು ಮಂದಿ ಗೊತ್ತು.

ಮಧ್ಯೆ ಬಾಯಿ ಹಾಕೋದರ ಬಗ್ಗೆ ಮಾತ್ರ ಅಳೆದಿರೋ ಲೆಕ್ಕ ಇದೆ. 1984ರಲ್ಲಿ ಅಮೆರಿಕದ ಇಬ್ರು ಸಂಶೋಧಕರು 74 ರೋಗಿ-ವೈದ್ಯ ಮಾತುಕತೆ ರೆಕಾರ್ಡ್ ಮಾಡಿ ನೋಡಿದ್ರು, ರೋಗಿ ತನಗೇನಾಗ್ತಿದೆ ಅಂತ ಹೇಳೋಕೆ ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಂದಿದ್ರು. ಕಾರಣ ಕೇಳಿದ್ರೆ ಎಲ್ರೂ ಹೇಳೋದು ಒಂದೇ, ಬಿಟ್ರೆ ನಿಲ್ಸಲ್ಲ. ಅದನ್ನೂ ನೋಡಿದ್ರು. ಸ್ವಿಟ್ಜರ್‌ಲೆಂಡಲ್ಲಿ 2002ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ ಡಾಕ್ಟರ್‌ಗಳಿಗೆ ಸುಮ್ನಿರಿ ಅಂತ ಹೇಳಿ 335 ರೋಗಿಗಳು ತಾವಾಗೇ ಎಷ್ಟು ಹೊತ್ತು ಮಾತಾಡ್ತಾರೆ ಅಂತ ಅಳೆದ್ರೆ ಸರಾಸರಿ ಬಂದಿದ್ದು 92 ಸೆಕೆಂಡ್. ಒಂದೂವರೆ ನಿಮಿಷ! ಐದು ನಿಮಿಷ ದಾಟಿದೋರು 7 ಜನ. ನಮ್ಮ ಮ್ಯಾನೇಜರ್‌ಗಳಿಗೂ ಇದೇ ಹೆದರಿಕೆ ಇದೆ, ನಂಗೂ ಇತ್ತು. ಈಗ ಯಾರಾದ್ರೂ ಬಂದು ಕೂತ್ರೆ ನಾನು ಮನಸ್ಸಲ್ಲೇ ಎರಡು ನಿಮಿಷ ಅವ್ರ ಹೆಸರಿಗೆ ಬರೆದಿಡ್ತೀನಿ, ಅಷ್ಟೊಳಗೆ ಬಾಯಿ ತೆಗಿಯಲ್ಲ. ಮೊದಲ ಮಾತು ನಿಜವಾದ ವಿಷಯ ಆಗಿರಲ್ಲ, ಎರಡನೇದೂ ಅಲ್ಲ, "ಅದು ಬಿಡಿ, ಇನ್ನೊಂದೇನಂದ್ರೆ" ಅಂತ ಬರುತ್ತಲ್ಲ, ಅಲ್ಲಿರುತ್ತೆ.

ಬರೀ ಕೇಳಿ ಕಳ್ಸೋದೂ ಒಂದು ಮೋಸ ಅಂತ ಹೇಳ್ದೆ ಹೋದ್ರೆ ತಪ್ಪಾಗುತ್ತೆ. ಶಿಕಾಗೋ ಹತ್ರ ಹಾಥಾರ್ನ್ ಅನ್ನೋ ಫ್ಯಾಕ್ಟರೀಲಿ 1928ರಿಂದ 1930ರವರೆಗೆ 20 ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನ ಕೂರಿಸಿ ಮಾತಾಡಿಸಿದ್ರು. ಮೊದಲು ಪ್ರಶ್ನೆ ಪಟ್ಟಿ ಹಿಡ್ಕೊಂಡು ಹೋಗಿದ್ರು, ಜನ ಪಟ್ಟೀಲಿ ಇಲ್ದೆ ಇರೋದನ್ನೇ ಮಾತಾಡೋಕೆ ಶುರು ಮಾಡಿದ್ರು, ಕೊನೆಗೆ ಪಟ್ಟಿ ಪಕ್ಕಕ್ಕಿಟ್ಟು ಅವ್ರು ಹೇಳಿದ್ದನ್ನ ಕೇಳೋದು ಅಂತ ಮಾಡ್ಕೊಂಡ್ರು. ಒಳ್ಳೇ ಪಾಠ. ಆದ್ರೆ ಮಾತಾಡಿ ಹಗುರ ಆಗ್ಲಿ ಅನ್ನೋದೇ ಗುರಿ ಆದ್ರೆ ಅದು ಕುಕ್ಕರ್ ವಿಷಲ್ ಅಷ್ಟೇ, ಒಲೆ ಉರೀತಾನೇ ಇರುತ್ತೆ. ಜನ ಎರಡು ಸಲ ಹೇಳ್ತಾರೆ, ಮೂರನೇ ಸಲ "ಎಲ್ಲ ಚೆನ್ನಾಗಿದೆ ಮೇಡಂ" ಅಂತಾರೆ. ಮಾಡೋಕಾಗಲ್ಲ ಅಂದ್ರೆ ಆಗಲ್ಲ ಅಂತ, ಯಾಕಾಗಲ್ಲ ಅಂತಾನೂ ಹೇಳಿ, ಅದಕ್ಕೆ ಬೇಜಾರು ಮಾಡ್ಕೊಂಡ್ರೂ ಮತ್ತೆ ಬಂದು ಹೇಳ್ತಾರೆ.

ಆನ್‌ಲೈನ್ ಕಾಲ್ ಬಗ್ಗೆ ಒಂದೇ ಮಾತು. ಅಲ್ಲಿ ಎಲ್ರೂ ಇನ್ನೊಂದು ವಿಂಡೋದಲ್ಲಿ ಇರ್ತೀವಿ, ಹೆಸರು ಕರೆದ ತಕ್ಷಣ ಎದೆ ಧಸಕ್ ಅನ್ನುತ್ತೆ, "ಸಾರಿ, ನೆಟ್‌ವರ್ಕ್ ಹೋಯ್ತು" ಅಂತೀವಿ. ನೆಟ್‌ವರ್ಕ್ ಪಾಪ ಏನು ಮಾಡ್ತು. "ಗಮನ ತಪ್ಪಿತ್ತು, ಇನ್ನೊಂದ್ಸಲ ಹೇಳಿ" ಅಂತ ಟೀಮಲ್ಲಿ ಎಲ್ಲರಿಗಿಂತ ಸೀನಿಯರ್ ಆಗಿರೋರು ಒಂದ್ಸಲ ಅಂದ್ರೆ ಸಾಕು, ಉಳಿದೋರಿಗೂ ಹಾಗನ್ನೋಕೆ ಧೈರ್ಯ ಬರುತ್ತೆ.

ಇಷ್ಟು ಹೇಳಿ ಪ್ರಶ್ನೆಗೆ ಬಿಟ್ಟೆ. ಮುಂದಿನ ಸಾಲಲ್ಲಿ ಒಬ್ರು, ನಾವು ಕೇಳ್ತೀವಿ, ಬಾಸ್ ನಮ್ಮ ಮಾತು ಕೇಳಲ್ಲ, ಏನು ಮಾಡೋದು ಅಂದ್ರು, ಜೋರು ಚಪ್ಪಾಳೆ. ಬಿಜಿ ಇದ್ದಾಗ ಹೇಳ್ಬೇಡಿ, "ಎರಡು ನಿಮಿಷ ಬೇಕು, ಈಗ್ಲಾ, ನಾಲ್ಕು ಗಂಟೆಗಾ?" ಅಂತ ಕೇಳಿ, ವಿಷಯದ ತಲೆಗೇ ಕೆಟ್ಟ ಸುದ್ದಿ ಇಡಿ, 'ಅನ್ಸುತ್ತೆ' 'ಏನೋ' ಎರಡನ್ನೂ ತೆಗೆದ್ಹಾಕಿ, ಆಮೇಲೆ ಎರಡು ಸಾಲು ಮೆಸೇಜ್ ಹಾಕಿಡಿ ಅಂದೆ. ಇಷ್ಟಾದ್ರೂ ಕೇಳ್ದೆ ಇರೋ ಬಾಸ್ ಇರ್ತಾರೆ, ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ ಅಂತಾನೂ ಅಂದೆ.

ಆಮೇಲೆ ಹಿಂದಿನ ಸಾಲಿಂದ ಒಬ್ಬ ಹುಡುಗಿ ಏನೋ ಕೇಳಿದ್ಲು, ರಿಪೋರ್ಟು, ಹುಡುಗ ಅಂತ ಕೇಳಿಸ್ತು, ನಾನು ರಿಪೋರ್ಟ್ ತಪ್ಪಾದ್ರೆ ಕ್ಲೈಂಟ್ ಹತ್ರ ಹೇಗೆ ಮಾತಾಡ್ಬೇಕು ಅಂತ ಮೂರು ನಿಮಿಷ ಉತ್ತರ ಕೊಟ್ಟೆ. ಪೂರ್ತಿ ಮುಗಿಸೋಕೆ ಬಿಟ್ಟು ಆಮೇಲೆ ಅವಳು, "ಮೇಡಂ, ನಾನು ಕೇಳಿದ್ದು ಅದಲ್ಲ, ಆ ಹುಡುಗ ಆಮೇಲೆ ಏನಾದ ಅಂತ." ಇಡೀ ಹಾಲ್ ನಕ್ತು, ನಾನೂ ನಕ್ಕೆ.

ಅವನು ಇನ್ನೂ ನನ್ನ ಟೀಮಲ್ಲೇ ಇದಾನೆ. ಏನಾದ್ರೂ ಹೇಳೋಕೆ ಬಂದ್ರೆ ಬಾಯಿ ತೆಗಿಯಲ್ಲ, ಟೇಬಲ್ ಪಕ್ಕ ಸುಮ್ನೆ ನಿಂತಿರ್ತಾನೆ, ನಾನು ಲ್ಯಾಪ್‌ಟಾಪ್ ಮುಚ್ಚೋವರೆಗೂ.